ಮನ್ನಿಸುವ ಹಕ್ಕು ಯಾರದು? ಕೊಳತ್ತೂರು ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿ ಕ್ಷಮೆ ಮತ್ತು ತಪ್ಪಿನ ಬಿಡುಗಡೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ನನಗೆ ಮೊದಲು ಮಾತನಾಡಿದವರು ಕ್ಷಮೆಯನ್ನು ತತ್ತ್ವಶಾಸ್ತ್ರದ ಕಡೆಯಿಂದ ನೋಡಿದರು. ನಾನು ಚರಿತ್ರೆಯ ವಿದ್ಯಾರ್ಥಿ, ನನಗೆ ಒಂದು ಊರು ಬೇಕು, ಒಂದು ದಾರಿ ಬೇಕು. ಇವತ್ತು ನಾನು ಹಿಡಿದುಕೊಂಡಿರುವ ದಾರಿ ಸೇಲಂ ಜಿಲ್ಲೆಯ ಮೆಟ್ಟೂರಿನಿಂದ ಹೊರಟು ಕೊಳತ್ತೂರು, ಗೋವಿಂದಪಾಡಿ ದಾಟಿ, ಪಾಲಾರ್ ಹೊಳೆಯ ಹತ್ತಿರ ಕರ್ನಾಟಕದ ಗಡಿ ಸೇರಿ ಮಾದಪ್ಪನ ಬೆಟ್ಟಕ್ಕೆ ಏರುವ ದಾರಿ. ತಮಿಳುನಾಡಿನ ಕಡೆಯ ಪರಸೆಯವರು ಮಹದೇಶ್ವರ ಬೆಟ್ಟಕ್ಕೆ ಬರುವುದು ಇದೇ ದಾರಿಯಲ್ಲಿ. ಎಡಬಲಕ್ಕೆ ತಮಿಳು ಮಾತಾಡುವ ಮನೆಗಳೂ ಇವೆ, ಕನ್ನಡ ಮಾತಾಡುವ ಮನೆಗಳೂ ಇವೆ, ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುವವರು ಇನ್ನೂ ಹೆಚ್ಚು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಅನ್ನೋದನ್ನ ನೆನಪಿಟ್ಟುಕೊಂಡರೆ, ಪಾಲಾರ್ ಹತ್ತಿರದ ಗಡಿ ಎಷ್ಟು ಹೊಸದು ಅಂತ ಗೊತ್ತಾಗುತ್ತೆ.

ಈ ದಾರಿಯ ಒಂದು ತುದಿಯಲ್ಲಿ, ಕೊಳತ್ತೂರಿಗೆ ಸೇರಿದ ಮೂಲಕಾಡಿನಲ್ಲಿ, ಒಂದು ಸಮಾಧಿ ಇದೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಹತ್ತಿರ ತಮಿಳುನಾಡಿನ ವಿಶೇಷ ಕಾರ್ಯಪಡೆಯ ಗುಂಡಿಗೆ ಸತ್ತ ವೀರಪ್ಪನ್‌ನನ್ನು ಹೂಳಿದ್ದು ಅಲ್ಲಿ. ಅಲ್ಲಿಂದ ಬೆಟ್ಟದ ಕಡೆ ಹೋದರೆ, ಅವನು ಹುಟ್ಟಿದ ಊರು ಗೋಪಿನಾಥಂ. ಇವತ್ತು ಅದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ಆ ಊರಿನ ಮಾರಿಯಮ್ಮನ ಗುಡಿಯಲ್ಲಿ ಒಂದು ಫೋಟೋ ಇದೆ. ಅದು ವೀರಪ್ಪನ್‌ನದಲ್ಲ, ಅವನು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು. ಒಂದು ಕಡೆ ಕೊಂದವನ ಸಮಾಧಿ, ಇನ್ನೊಂದು ಕಡೆ ಅವನ ಸ್ವಂತ ಊರಿನ ಗುಡಿಯಲ್ಲೇ ಕೊಲೆಯಾದವನ ಪಟ. ಇವೆರಡರ ನಡುವೆ ನಡೆದದ್ದನ್ನು ಕ್ಷಮೆ ಅನ್ನಬಹುದೇ, ಅನ್ನಬಹುದಾದರೆ ಯಾರು ಯಾರನ್ನು ಕ್ಷಮಿಸಿದರು? ನನ್ನ ಪ್ರಬಂಧದ ಪ್ರಶ್ನೆ ಇಷ್ಟೇ.

ಮೊದಲು ಪದದ ಬಗ್ಗೆ ಎರಡು ಮಾತು. ತಮಿಳಿನಲ್ಲಿ ‘ಮನ್ನಿಪ್ಪು’ ಅಂದರೆ ಕ್ಷಮೆ, ಬೇರೆ ಅರ್ಥ ಈಗ ಬಳಕೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅದೇ ಬೇರಿನ ‘ಮನ್ನಿಸು’ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತೆ. ಒಬ್ಬರ ಮಾತನ್ನು ಮನ್ನಿಸಿದೆ ಅಂದರೆ ಗೌರವ ಕೊಟ್ಟೆ, ಕಿವಿಗೊಟ್ಟೆ ಅಂತ. ತಪ್ಪನ್ನು ಮನ್ನಿಸಿದೆ ಅಂದರೆ ಕ್ಷಮಿಸಿದೆ ಅಂತ. ‘ಮನ್ನಣೆ’ ಅನ್ನೋದು ಪೂರ್ತಿ ಗೌರವದ ಕಡೆಗೇ ಹೋಯಿತು. ಹಾಗಾಗಿ ಕೊಳತ್ತೂರಿನ ಕನ್ನಡದವರು ‘ಮನ್ನಿಸು’ ಅಂದಾಗ ಅದರಲ್ಲಿ ತಮಿಳಿನ ಕ್ಷಮೆಯೂ ಕನ್ನಡದ ಗೌರವವೂ ಎರಡೂ ಕೇಳಿಸುತ್ತೆ. ಸರ್ಕಾರದ ಭಾಷೆಯಲ್ಲಿ ಇದಕ್ಕೆ ಬೇರೆಯೇ ಪದಗಳು: ಸಾಲ ‘ಮನ್ನಾ’ ಆಗುತ್ತೆ, ಕಂದಾಯ ‘ಮಾಫಿ’ ಆಗುತ್ತೆ, ಮರಣದಂಡನೆಗೆ ‘ಕ್ಷಮಾದಾನ’ ಸಿಗುತ್ತೆ. ದಾನ ಅಂದಮೇಲೆ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ಗುಡಿಯ ಭಾಷೆಯಲ್ಲಿ ಮಾತ್ರ ದಿಕ್ಕು ಬೇರೆ. ಅಲ್ಲಿ ಇರೋದು ‘ತಪ್ಪುಕಾಣಿಕೆ’. ತಪ್ಪು ಮಾಡಿದವನೇ ಎದ್ದು ಹೋಗಿ, ಇಂಥದ್ದು ಮಾಡಿದೆ ಅಂತ ಒಪ್ಪಿಕೊಂಡು, ಕೈಯಿಂದ ಏನಾದರೂ ಬಿಟ್ಟು ಬರಬೇಕು. ಹುಂಡಿಗೆ ದುಡ್ಡು ಹಾಕಬಹುದು, ಮುಡಿ ಕೊಡಬಹುದು, ಉರುಳು ಸೇವೆ ಮಾಡಬಹುದು. ದೇವರು ಬಂದು ‘ಕ್ಷಮಿಸಿದ್ದೇನೆ’ ಅಂತ ಹೇಳೋದಿಲ್ಲ, ಆದರೂ ಕೊಟ್ಟವರು ಹಗುರಾಗಿ ಬೆಟ್ಟ ಇಳಿಯುತ್ತಾರೆ. ಈ ‘ಹಗುರಾಗೋದು’ ಅನ್ನೋದನ್ನೇ ನಾನು ತಪ್ಪಿನ ಬಿಡುಗಡೆ ಅಂತ ಕರೀತಾ ಇದ್ದೀನಿ. ಕ್ಷಮಾದಾನ ಬೇರೆ, ಇದು ಬೇರೆ. ಎರಡೂ ಒಟ್ಟಿಗೆ ಸಿಗೋದು ಅಪರೂಪ.

ಈಗ ಗೋಪಿನಾಥಂಗೆ ಬರೋಣ. ಶ್ರೀನಿವಾಸ್ ಆಂಧ್ರದ ರಾಜಮಂಡ್ರಿಯವರು, ಕರ್ನಾಟಕದ ಐಎಫ್‌ಎಸ್ ಅಧಿಕಾರಿ. 1980ರ ದಶಕದ ಕೊನೆ ಮತ್ತು 1990ರ ದಶಕದ ಮೊದಲ ವರ್ಷಗಳಲ್ಲಿ ಈ ಸೀಮೆಯಲ್ಲಿ ಗಂಧದ ಮರ ಮತ್ತು ಆನೆದಂತದ ಕಳ್ಳಸಾಗಣೆ ಯಾವ ಮಟ್ಟದಲ್ಲಿತ್ತು ಅನ್ನೋದು ನಿಮಗೆ ಗೊತ್ತು. ಮರ ಕಡಿಯುವವರು, ಹೊರುವವರು, ಅಕ್ಕಿ ಬೇಳೆ ತಲುಪಿಸುವವರು ಎಲ್ಲ ಈ ಊರುಗಳ ಬಡವರು. ಬಂದೂಕು ಹಿಡಿದವರ ಸಂಖ್ಯೆ ಕಡಿಮೆ, ಕೂಲಿಗೆ ಹೋದವರ ಸಂಖ್ಯೆ ದೊಡ್ಡದು. ಶ್ರೀನಿವಾಸ್ ಅವರು ಹಿಡಿದ ದಾರಿ ಆ ಕಾಲಕ್ಕೆ ಇಲಾಖೆಯಲ್ಲಿ ಅನೇಕರಿಗೆ ಸರಿ ಕಾಣಲಿಲ್ಲ. ಅವರು ಹೋಗಿ ಗೋಪಿನಾಥಂನಲ್ಲೇ ಉಳಿದರು. ಒಂದು ಔಷಧಾಲಯ ಶುರು ಮಾಡಿದರು, ಮನೆಗಳನ್ನು ಕಟ್ಟಿಸಲು ನಿಂತರು, ಊರಿನವರ ಜೊತೆ ಸೇರಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಜೊತೆಗಿದ್ದವರಲ್ಲಿ ಹಲವರು ಅವರ ಮಾತು ನಂಬಿ ಶರಣಾದರು.

ಇದನ್ನು ಬರೀ ಸಜ್ಜನಿಕೆ ಅಂತ ಓದುವುದು ಸುಲಭ. ನನಗೆ ಅದು ಸಾಲದು ಅನ್ನಿಸುತ್ತೆ. ಒಬ್ಬ ಸರ್ಕಾರಿ ಅಧಿಕಾರಿ ತನ್ನ ಕೈಯಲ್ಲಿ ಇಲ್ಲದ ಅಧಿಕಾರವನ್ನು, ಅಂದರೆ ಕ್ಷಮಿಸುವ ಅಧಿಕಾರವನ್ನು, ತನ್ನ ಬದುಕನ್ನೇ ಜಾಮೀನಿಟ್ಟು ಚಲಾಯಿಸಿದ ಪ್ರಯೋಗ ಅದು. ಕಾನೂನು ಅವರಿಗೆ ಬಂಧಿಸುವ ಹಕ್ಕು ಕೊಟ್ಟಿತ್ತು, ಮನ್ನಿಸುವ ಹಕ್ಕು ಕೊಟ್ಟಿರಲಿಲ್ಲ. ಚಂಬಲ್ ಕಣಿವೆಯಲ್ಲಿ 1960ರಲ್ಲಿ ವಿನೋಬಾ, 1972ರಲ್ಲಿ ಜಯಪ್ರಕಾಶ ನಾರಾಯಣರು ಡಕಾಯಿತರನ್ನು ಶರಣಾಗುವಂತೆ ಮಾಡಿದಾಗ ಅವರ ಹಿಂದೆ ದೊಡ್ಡ ಹೆಸರಿತ್ತು, ಸುತ್ತ ಪತ್ರಕರ್ತರಿದ್ದರು. ಗೋಪಿನಾಥಂನಲ್ಲಿ ಅಂಥದ್ದೇನೂ ಇರಲಿಲ್ಲ. 1991ರ ನವೆಂಬರ್‌ನಲ್ಲಿ ವೀರಪ್ಪನ್ ಶರಣಾಗುತ್ತಾನೆ, ಆಯುಧ ಇಲ್ಲದೆ ಬರಬೇಕು ಅನ್ನುವ ಮಾತು ಬಂತು. ಶ್ರೀನಿವಾಸ್ ಅದನ್ನು ನಂಬಿ ಕಾಡಿಗೆ ನಡೆದರು. ನವೆಂಬರ್ 10ರಂದು ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದರು. ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರ ಕೊಟ್ಟಿತು.

ಆಮೇಲೆ ಊರಿನವರು ಆ ಫೋಟೋವನ್ನು ಗುಡಿಯೊಳಗೆ ಇಟ್ಟರು. ಯಾಕೆ ಇಟ್ಟರು ಅನ್ನುವುದಕ್ಕೆ ಒಂದು ಸರಳ ಉತ್ತರ ಇದೆ: ಗುಡಿ ಕಟ್ಟಿಸಿದ ಪುಣ್ಯಾತ್ಮ ಅಂತ. ಅದು ಸುಳ್ಳಲ್ಲ. ಆದರೆ ಕೊಂದವನು ಊರಿನ ಮಗ. ಅವನಿಗೆ ಅನ್ನ ಹಾಕಿದ ಮನೆಗಳು ಇದೇ ಊರಿನವು, ಹೆದರಿಯೋ ಪ್ರೀತಿಯಿಂದಲೋ. ಶರಣಾಗತಿಯ ಸುಳ್ಳು ಸುದ್ದಿ ಹೊತ್ತುಕೊಂಡು ಬಂದವರೂ ಈ ಊರಿನ ಸಂಬಂಧದವರೇ. ಇಂಥ ಕಡೆ ಒಂದು ಫೋಟೋವನ್ನು ದೇವಿಯ ಪಕ್ಕ ಇಡುವುದು ಬರೀ ಕೃತಜ್ಞತೆಯಲ್ಲ, ಅದೊಂದು ತಪ್ಪುಕಾಣಿಕೆ ಅಂತ ನನ್ನ ಓದು. ಕೋರ್ಟು ಆ ಊರನ್ನು ತಪ್ಪಿತಸ್ಥ ಅಂತ ಹೇಳಿರಲಿಲ್ಲ, ಹೇಳುವ ಹಾಗೂ ಇಲ್ಲ. ಹೊರಗಿನಿಂದ ಯಾರೂ ಹೊರಿಸದ ಭಾರವನ್ನು ಊರು ತಾನೇ ಹೊತ್ತುಕೊಂಡು, ತಾನೇ ಇಳಿಸುವ ಜಾಗ ಮಾಡಿಕೊಂಡಿತು. ಈ ಓದನ್ನು ಒಪ್ಪಲೇಬೇಕು ಅಂತ ಇಲ್ಲ, ಚರ್ಚೆಯಲ್ಲಿ ಜಗಳ ಆಡೋಣ.

ಶ್ರೀನಿವಾಸ್ ನಂತರ ಮಾತುಕತೆಯ ದಾರಿ ಮುಚ್ಚಿತು. 1992ರ ಆಗಸ್ಟ್ 14ರಂದು ಮೀಣ್ಯದ ಹತ್ತಿರ ಹೊಂಚುದಾಳಿಯಲ್ಲಿ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರು ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ, ಅಂದರೆ ನಾನು ಹೇಳಿದ ಕೊಳತ್ತೂರು ದಾರಿಯ ಮೇಲೇ, ನೆಲಬಾಂಬ್ ಸ್ಫೋಟಿಸಿ 22 ಮಂದಿ ಸತ್ತರು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿ ಕೊಡಲು ಜೊತೆಗೆ ಹೋದವರು. ಅಲ್ಲಿಂದ ಎರಡೂ ರಾಜ್ಯಗಳ ಕಾರ್ಯಪಡೆಗಳು ಊರುಗಳ ಮೇಲೆ ಇಳಿದವು. ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನರ ಮೇಲೆ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ಮೊಕದ್ದಮೆ ಬಿತ್ತು. ವರ್ಷಗಟ್ಟಲೆ ಜಾಮೀನಿಲ್ಲದೆ ಅವರು ಜೈಲಿನಲ್ಲಿ ಉಳಿದರು.

ಇನ್ನು 2000ನೇ ಇಸವಿ. ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರ ಅಪಹರಣ ಆಯಿತು. ಆ 108 ದಿನಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಬರೆದಿದ್ದಾರೆ ಅಂದರೆ ನಾನು ಮತ್ತೆ ಹೇಳಬೇಕಿಲ್ಲ. ನನಗೆ ಬೇಕಾದದ್ದು ಬೇಡಿಕೆಗಳ ಪಟ್ಟಿಯ ಒಂದು ಸಾಲು: ಕರ್ನಾಟಕದ ಜೈಲಿನಲ್ಲಿರುವ ಟಾಡಾ ಬಂದಿಗಳನ್ನು ಬಿಡಬೇಕು. ಎಸ್.ಎಂ. ಕೃಷ್ಣ ಅವರ ಸರ್ಕಾರ ಒಪ್ಪಿತು. ದಂಡಪ್ರಕ್ರಿಯಾ ಸಂಹಿತೆಯ 321ನೇ ಕಲಮಿನಡಿ 51 ಬಂದಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರಿ ವಕೀಲರು ಅರ್ಜಿ ಹಾಕಿದರು, ವಿಶೇಷ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಆಗ ಎದ್ದು ನಿಂತವರು ಅಬ್ದುಲ್ ಕರೀಂ. ನಿವೃತ್ತ ಪೊಲೀಸ್ ಅಧಿಕಾರಿ, ಮೀಣ್ಯದಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ಅವರು ಸುಪ್ರೀಂ ಕೋರ್ಟಿಗೆ ಹೋದರು.

ಆ ದಿನಗಳ ಒತ್ತಡ ನೆನಪಿಸಿಕೊಳ್ಳಿ. ಬೆಂಗಳೂರು ಬಂದ್, ಚಿತ್ರೋದ್ಯಮ ಬಂದ್. ಅಣ್ಣಾವ್ರು ಸುರಕ್ಷಿತವಾಗಿ ಬರಲಿ ಅಂತ ಊರೂರಲ್ಲಿ ಪೂಜೆ. ನಾನೂ ಆಗ ಮನೆಯಲ್ಲಿ ಎಲ್ಲರ ಜೊತೆ ರೇಡಿಯೋ ಮುಂದೆ ಕೂತು ‘ಇವರು ಯಾಕೆ ಈಗ ಕೋರ್ಟಿಗೆ ಹೋದರು’ ಅಂತ ಬೈದವನೇ. ಇವತ್ತು ಅದನ್ನು ಹೇಳಿಕೊಳ್ಳುವುದಕ್ಕೆ ಸಂಕೋಚ ಆಗುತ್ತೆ. ಇಡೀ ನಾಡು ಒಂದು ಕಡೆ ಇದ್ದಾಗ ಒಬ್ಬ ತಂದೆ, ನನ್ನ ಮಗನನ್ನು ಕೊಂದ ಮೊಕದ್ದಮೆಯನ್ನು ಬಿಟ್ಟುಕೊಡುವುದಕ್ಕೆ ನೀವು ಯಾರು ಅಂತ ಕೇಳುವ ಸ್ಥಿತಿ ಅದು. 2000ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟು ಆರೋಪ ಹಿಂತೆಗೆತವನ್ನು ರದ್ದು ಮಾಡಿತು. ಸರ್ಕಾರಿ ವಕೀಲರು ಸರ್ಕಾರ ಹೇಳಿದ್ದಕ್ಕೆ ಮುದ್ರೆ ಒತ್ತುವವರಲ್ಲ, ತಾವೇ ವಿಚಾರ ಮಾಡಬೇಕು, ನ್ಯಾಯಾಲಯವೂ ಅದನ್ನು ನೋಡಬೇಕು ಅನ್ನುವುದು ತೀರ್ಪಿನ ತಿರುಳು. ಎಂಟು ದಿನ ಕಳೆದು, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಸರ್ಕಾರ ಮಾಡಹೊರಟದ್ದನ್ನು ಪತ್ರಿಕೆಗಳು ಕ್ಷಮಾದಾನ ಅಂತ ಕರೆದದ್ದುಂಟು. ಅದು ಕ್ಷಮಾದಾನ ಅಲ್ಲವೇ ಅಲ್ಲ. ಬೆಲೆ ಕಟ್ಟಿ ಮಾಡಿದ ವಿನಿಮಯ ಅದು, ಒತ್ತೆಯಾಳಿಗೆ ಬದಲು ಮೊಕದ್ದಮೆ. ಅದರಲ್ಲಿ ತಪ್ಪು ಒಪ್ಪಿಕೊಂಡವರು ಯಾರೂ ಇಲ್ಲ, ಮನ್ನಿಸಿದವರೂ ಇಲ್ಲ. ಹೋಲಿಕೆಗೆ ದಕ್ಷಿಣ ಆಫ್ರಿಕಾ ನೋಡಿ. ಅಲ್ಲಿ 1995ರ ಕಾಯ್ದೆಯ ಪ್ರಕಾರ ಸತ್ಯ ಮತ್ತು ಸಮನ್ವಯ ಆಯೋಗ ಬಂದಾಗ, ಮಾಡಿದ್ದನ್ನು ಪೂರ್ತಿ ಬಾಯಿಬಿಟ್ಟು ಹೇಳಿದವನಿಗೆ ಶಿಕ್ಷೆಯಿಂದ ವಿನಾಯಿತಿ ಅಂತ ಇಟ್ಟರು. ಪೊಲೀಸ್ ವಶದಲ್ಲಿ ಸತ್ತ ಸ್ಟೀವ್ ಬಿಕೋ ಅವರ ಪತ್ನಿ ಮತ್ತಿತರರು ಅದನ್ನು ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ನಮ್ಮ ಗಂಡನ ಕೊಲೆಯನ್ನು ಸರ್ಕಾರ ಹೇಗೆ ಕ್ಷಮಿಸುತ್ತೆ ಅಂತ. 1996ರಲ್ಲಿ ಅವರು ಸೋತರು. ನಾಡು ಮುಂದೆ ಹೋಗಬೇಕಾದರೆ ಈ ಬೆಲೆ ತೆರಬೇಕು ಅಂತ ನ್ಯಾಯಾಲಯ ಹೇಳಿತು. ಅಬ್ದುಲ್ ಕರೀಂ ಗೆದ್ದರು, ಬಿಕೋ ಕುಟುಂಬ ಸೋತಿತು. ಕೇಳಿದ ಪ್ರಶ್ನೆ ಮಾತ್ರ ಒಂದೇ. ಅಲ್ಲಿ ಕಡೇ ಪಕ್ಷ ಒಪ್ಪಿಕೊಳ್ಳಬೇಕು ಅನ್ನುವ ಷರತ್ತಿತ್ತು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಬಿಟ್ಟರೆ ನಾನು ಅರ್ಧ ಚರಿತ್ರೆ ಹೇಳಿದ ಹಾಗೆ. ಆ 51 ಮಂದಿ ಯಾರು? ಅವರನ್ನು ನಾವೆಲ್ಲ ‘ವೀರಪ್ಪನ್ ಸಹಚರರು’ ಅಂತ ಓದಿಕೊಂಡೆವು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುತೇಕರು ಖುಲಾಸೆಯಾದರು. ಅಂದರೆ ಕ್ಷಮಿಸಬೇಕೋ ಬೇಡವೋ ಅಂತ ಇಡೀ ನಾಡು ವಾದ ಮಾಡಿದ ಜನರಲ್ಲಿ ಎಷ್ಟೋ ಮಂದಿಯ ಹತ್ತಿರ ಕ್ಷಮಿಸುವುದಕ್ಕೆ ತಪ್ಪೇ ಇರಲಿಲ್ಲ. ಅಬ್ದುಲ್ ಕರೀಂ ಅವರ ಹಟ ಸರಿ. ಖುಲಾಸೆಯಾದವರು ಒಳಗೆ ಕಳೆದ ವರ್ಷಗಳೂ ನಿಜ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಬರುವುದಿಲ್ಲ.

ಖುಲಾಸೆ ಅನ್ನೋದು ತಪ್ಪಿನ ಬಿಡುಗಡೆಯ ಅತ್ಯಂತ ಪೂರ್ಣವಾದ ರೂಪ ಆಗಬೇಕಿತ್ತು ಅಲ್ಲವೇ? ತಪ್ಪೇ ಮಾಡಿಲ್ಲ ಅಂತ ನ್ಯಾಯಾಲಯ ಹೇಳಿದ ಮೇಲೆ ಇನ್ನೇನು ಉಳಿಯಿತು? ಉಳಿಯುತ್ತೆ. ಜೈಲಿನಿಂದ ಬಂದವನ ಮನೆ ಅನ್ನುವ ಹೆಸರು ಉಳಿಯುತ್ತೆ, ಹೆಣ್ಣು ಕೊಡುವಾಗ ತರುವಾಗ ಅದು ಎದುರಿಗೆ ಬರುತ್ತೆ. ಅವರ ಕೈಯಲ್ಲಿ ಬಿಡುಗಡೆಯ ಕಾಗದ ಇತ್ತು, ‘ನಮ್ಮಿಂದ ತಪ್ಪಾಯ್ತು’ ಅಂತ ಸರ್ಕಾರದ ಕಡೆಯಿಂದ ಬಂದ ಕಾಗದ ಇರಲಿಲ್ಲ.

ಶಿಕ್ಷೆಯಾದವರಲ್ಲಿ ನಾಲ್ವರ ಕಥೆ ಬೇರೆ ದಿಕ್ಕಿಗೆ ಹೋಯಿತು. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಅವರಿಗೆ ವಿಶೇಷ ನ್ಯಾಯಾಲಯ ಕೊಟ್ಟದ್ದು ಜೀವಾವಧಿ. ಅವರು ಮೇಲ್ಮನವಿ ಹೋದರು. ಸುಪ್ರೀಂ ಕೋರ್ಟ್ ಶಿಕ್ಷೆ ಇಳಿಸುವ ಬದಲು, ಯಾಕೆ ಹೆಚ್ಚಿಸಬಾರದು ಅಂತ ತಾನಾಗಿಯೇ ನೋಟಿಸ್ ಕೊಟ್ಟು, 2004ರ ಜನವರಿ 29ರಂದು ಮರಣದಂಡನೆ ವಿಧಿಸಿತು. ಸಂವಿಧಾನದ 72ನೇ ವಿಧಿಯಡಿ ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ, ಮೂಲಕಾಡಿನಲ್ಲಿ ಮಣ್ಣಾದ. ಅರ್ಜಿ ಮಾತ್ರ ಬದುಕಿತ್ತು. ಒಂಬತ್ತು ವರ್ಷ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಕಾಯುತ್ತಾ ಇದ್ದರು. 2013ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕಾರ ಆಯಿತು. ನೇಣಿನ ಸಿದ್ಧತೆಯ ಸುದ್ದಿ ಬರುವಾಗಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಈ ನಾಲ್ವರೂ ಸೇರಿದಂತೆ 15 ಮಂದಿಯ ಮರಣದಂಡನೆ ಜೀವಾವಧಿಗೆ ಇಳಿಯಿತು. ಕಾರಣವಿಲ್ಲದೆ ವರ್ಷಗಟ್ಟಲೆ ಎಳೆದ ವಿಳಂಬ ತಾನೇ ಒಂದು ಹಿಂಸೆ, ಟಾಡಾ ಪ್ರಕರಣ ಅಂದ ಮಾತ್ರಕ್ಕೆ ಆ ನಿಯಮ ಬದಲಾಗುವುದಿಲ್ಲ ಅನ್ನುವುದು ಆಧಾರ.

ಗಮನಿಸಿ, ಇಲ್ಲಿ ಅವರನ್ನು ಯಾರೂ ಕ್ಷಮಿಸಲಿಲ್ಲ. ಕ್ಷಮಿಸುವ ಹಕ್ಕಿದ್ದ ಕಚೇರಿ ಇಲ್ಲ ಅಂದಿತು. ಜೀವ ಉಳಿಸಿದ್ದು ಆ ಕಚೇರಿಯ ನಿಧಾನ. ಕ್ಷಮಾದಾನದ ಬಗ್ಗೆ ನಮ್ಮ ಕಾನೂನಿನ ನಿಲುವು 1988ರ ಕೇಹರ್ ಸಿಂಗ್ ತೀರ್ಪಿನಲ್ಲಿ ಸ್ಪಷ್ಟವಾಗಿದೆ: ರಾಷ್ಟ್ರಪತಿಗಳು ಕ್ಷಮಿಸಿದರೂ ನ್ಯಾಯಾಲಯದ ದಾಖಲೆ ತಿದ್ದುಪಡಿ ಆಗುವುದಿಲ್ಲ. ಶಿಕ್ಷೆ ಹೋಗಬಹುದು, ತಪ್ಪಿತಸ್ಥ ಅನ್ನುವ ನಿರ್ಣಯ ಕಡತದಲ್ಲಿ ಹಾಗೇ ಇರುತ್ತೆ. ತಪ್ಪಿನಿಂದ ಬಿಡುಗಡೆ ಮಾಡುವ ಕೆಲಸವನ್ನು ಕಾನೂನು ತನ್ನದು ಅಂತ ಹೇಳಿಕೊಂಡೇ ಇಲ್ಲ. ಒಂದು ರೀತಿಯಲ್ಲಿ ಅದು ಕಾನೂನಿನ ವಿನಯ ಅಂತಲೇ ನಾನು ಅಂದುಕೊಂಡಿದ್ದೇನೆ.

ಇಲ್ಲಿಯವರೆಗೆ ತಪ್ಪು ಮಾಡಿದವರು ಕಾಡಿನವರು, ಕ್ಷಮಿಸುವ ಸ್ಥಾನದಲ್ಲಿ ಇದ್ದದ್ದು ಸರ್ಕಾರ. ತಿರುಗಿಸಿ ನೋಡೋಣ. ಸರ್ಕಾರ ತಪ್ಪು ಮಾಡಿದರೆ?

ಧರ್ಮಪುರಿ ಜಿಲ್ಲೆಯ ಹರೂರಿನ ಹತ್ತಿರ, ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತ್ತಿ ಅನ್ನುವ ಊರಿದೆ. ಮಲೆಯಾಳಿ ಅನ್ನುವ ಬುಡಕಟ್ಟಿನವರು ಇರುವ ಊರು. ಆ ಹೆಸರಿಗೂ ಕೇರಳಕ್ಕೂ ಸಂಬಂಧ ಇಲ್ಲ, ಬೆಟ್ಟದವರು ಅಂತ ಅರ್ಥ. 1992ರ ಜೂನ್ 20ರಂದು ಗಂಧದ ಮರ ಅಡಗಿಸಿದ್ದಾರೆ ಅಂತ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಸೇರಿ ಊರಿಗೆ ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿದರು, ಕಾಳು ಕಡಿ ಹಾಳು ಮಾಡಿದರು, 18 ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಹೈಕೋರ್ಟ್ ಆದೇಶದ ಮೇಲೆ ಸಿಬಿಐ ತನಿಖೆ ಆಯಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ಆರೋಪಿಗಳಾದ 269 ಸಿಬ್ಬಂದಿಯೂ ತಪ್ಪಿತಸ್ಥರು ಅಂದಿತು. ಅರಣ್ಯ ಇಲಾಖೆಯವರು 155, ಪೊಲೀಸರು 108, ಕಂದಾಯದವರು 6. ಅಷ್ಟರಲ್ಲಿ 54 ಮಂದಿ ತೀರಿಕೊಂಡಿದ್ದರು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಆ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದಲೇ ವಸೂಲು ಮಾಡಬೇಕು ಅಂದಿತು. ಮೂವತ್ತೊಂದು ವರ್ಷ.

ಆ ಅರ್ಧ ಅನ್ನುವ ಲೆಕ್ಕ ನನಗೆ ಬಹಳ ಮುಖ್ಯ. ಪರಿಹಾರ ಪೂರ್ತಿ ಖಜಾನೆಯಿಂದ ಹೋದರೆ ಅದು ಎಲ್ಲರ ದುಡ್ಡು, ಯಾರ ದುಡ್ಡೂ ಅಲ್ಲ. ಮಾಡಿದವನ ಕಿಸೆಯಿಂದ ಬರಬೇಕು ಅಂದಾಗ ಅದು ನಮ್ಮ ತಪ್ಪುಕಾಣಿಕೆಯ ಹತ್ತಿರಕ್ಕೆ ಬರುತ್ತೆ. ಆದರೆ ಒಂದು ಕೊರತೆ ಇದೆ: ಕಾಣಿಕೆ ಹಾಕುವವನು ತಾನೇ ಹಾಕಬೇಕು, ವಸೂಲಿ ಆದರೆ ಅದು ದಂಡ.

ಕಾರ್ಯಪಡೆಯ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಎರಡೂ ರಾಜ್ಯಗಳ ಊರುಗಳಿಂದ ಬಂದ ಜನ ಅದರ ಮುಂದೆ ಹೇಳಿಕೆ ಕೊಟ್ಟರು. ಮಹದೇಶ್ವರ ಬೆಟ್ಟದ ಒಂದು ಕೋಣೆಗೆ ‘ವರ್ಕ್‌ಶಾಪ್’ ಅನ್ನುವ ಹೆಸರಿತ್ತು ಅಂತ ಆ ಸಾಕ್ಷ್ಯಗಳಿಂದ ಹೊರಬಂತು. ಅಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ. ಮಾದಪ್ಪನ ಬೆಟ್ಟದ ಮೇಲೇ ಅನ್ನುವುದು ಮಾತ್ರ ನೆನಪಿರಲಿ, ಅದೇ ಬೆಟ್ಟಕ್ಕೆ ಜನ ಹಗುರಾಗಲು ಹತ್ತುತ್ತಾರೆ. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಅದಕ್ಕೂ ಮೊದಲೇ, ವೀರಪ್ಪನ್ ಸತ್ತ ಬೆನ್ನಿಗೇ, ತಮಿಳುನಾಡು ಸರ್ಕಾರ ಕಾರ್ಯಪಡೆಯವರಿಗೆ ಬಡ್ತಿ, ನಗದು, ನಿವೇಶನ ಘೋಷಿಸಿ ಆಗಿತ್ತು. ಬಹುಮಾನಕ್ಕೆ ದಿನಗಳು ಸಾಕಾದವು, ಪರಿಹಾರಕ್ಕೆ ವರ್ಷಗಳು ಬೇಕಾದವು.

ಇಷ್ಟು ಹೇಳಿದ ಮೇಲೆ ಬಹಳ ಹಿಂದಕ್ಕೆ ಒಂದು ಸಲ ಹೋಗಿ ಬರುತ್ತೇನೆ, ಸಮಯ ಇದೆ ಅಂದುಕೊಂಡಿದ್ದೇನೆ. ಭಾರತದಲ್ಲಿ ಆಳುವವನೊಬ್ಬ ತನ್ನ ತಪ್ಪಿನ ಬಗ್ಗೆ ಬರೆಸಿದ ಅತ್ಯಂತ ಪ್ರಸಿದ್ಧ ದಾಖಲೆ ಅಶೋಕನ 13ನೇ ಬಂಡೆ ಶಾಸನ. ಕಳಿಂಗ ಯುದ್ಧದ ಸಾವುನೋವಿನ ಬಗ್ಗೆ ಅವನ ಅನುತಾಪ ಅದರಲ್ಲಿದೆ. ಕ್ಷಮಿಸಲು ಆಗುವಂಥವರನ್ನು ರಾಜ ಕ್ಷಮಿಸುತ್ತಾನೆ ಅನ್ನುವ ಮಾತೂ ಇದೆ. ಅದರ ಬೆನ್ನಲ್ಲೇ ಕಾಡಿನ ಜನರ ಪ್ರಸ್ತಾಪ ಬರುತ್ತೆ: ಅವರನ್ನೂ ಒಲಿಸಿಕೊಳ್ಳುತ್ತಾನೆ, ಆದರೆ ಪಶ್ಚಾತ್ತಾಪ ಪಟ್ಟರೂ ತನಗೆ ಶಕ್ತಿ ಇದೆ ಅನ್ನುವುದನ್ನು ಅವರಿಗೆ ತಿಳಿಸುತ್ತಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಈ ಧಾಟಿಯನ್ನು ಓದಿದರೆ ನನಗೆ ಪಾಲಾರ್ ಚೆಕ್‌ಪೋಸ್ಟ್ ನೆನಪಾಗುತ್ತೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಈ 13ನೇ ಶಾಸನ ಆಂಧ್ರದ ಎರ್ರಗುಡಿಯಲ್ಲಿ ಇದೆ, ದೂರದ ಶಹಬಾಜ್‌ಗಢಿಯಲ್ಲಿ ಇದೆ. ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದಲ್ಲಿ ಇಲ್ಲ. ಅಲ್ಲಿ ಅದರ ಬದಲು ಬೇರೆ ಶಾಸನಗಳನ್ನು ಬರೆಸಿದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯಲ್ಲಿ ಸಿಕ್ಕಿದ ಕಲ್ಲಿನಲ್ಲೂ 12 ಇದೆ, 14 ಇದೆ, ಆ ಪ್ರತ್ಯೇಕ ಶಾಸನಗಳಿವೆ. ನಡುವಿನ 13 ಇಲ್ಲ. ಪೆಟ್ಟು ತಿಂದವರ ಊರಲ್ಲಿ ಪಶ್ಚಾತ್ತಾಪವನ್ನು ಓದಿ ಹೇಳಲಿಲ್ಲ, ದೂರದವರಿಗೆ ಹೇಳಿದರು. ಯಾಕೆ ಅನ್ನುವುದಕ್ಕೆ ವಿದ್ವಾಂಸರು ಹಲವು ಕಾರಣ ಕೊಡುತ್ತಾರೆ. ಗಾಯ ಕೆದಕಬಾರದು ಅನ್ನುವ ಜಾಣತನ ಇರಬಹುದು. ನನಗೆ ಕಾಣುವುದು ಇಷ್ಟು: ಯಾರಿಗೆ ಕೇಳಿಸಬೇಕಿತ್ತೋ ಅವರಿಗೆ ಕೇಳಿಸದ ಅನುತಾಪದಿಂದ ರಾಜನ ಮನಸ್ಸು ಹಗುರಾಗಿರಬಹುದು, ಕಳಿಂಗದವರಿಗೆ ಅದರಿಂದ ಏನೂ ಆಗಲಿಲ್ಲ.

ಈಗ ಮತ್ತೆ ನಮ್ಮ ದಾರಿಗೆ ಬಂದರೆ, ಗೋಪಿನಾಥಂ ಇದಕ್ಕೆ ತದ್ವಿರುದ್ಧ. ಅಲ್ಲಿ ಫೋಟೋ ಇರುವುದು ಬೆಂಗಳೂರಿನಲ್ಲಲ್ಲ, ಕಾಡಿನ ಊರಿನಲ್ಲೇ. ತಲೆ ತಗ್ಗಿಸಬೇಕಾದವರ ಕಣ್ಣೆದುರಿಗೇ. ಅರಣ್ಯ ಇಲಾಖೆ ಈಗ ಅಲ್ಲಿ ಪ್ರವಾಸಿಗರಿಗೆ ಶಿಬಿರ ಮಾಡಿದೆ, ಶ್ರೀನಿವಾಸ್ ಅವರ ನೆನಪನ್ನು ಇಲಾಖೆಯೂ ಉಳಿಸಿಕೊಂಡಿದೆ, ಅವರ ಹಳೆಯ ಜೀಪನ್ನು ದುರಸ್ತಿ ಮಾಡಿ ಕೊಳ್ಳೇಗಾಲದಲ್ಲಿ ಇಟ್ಟಿದೆ. ಇಲಾಖೆಯ ಸ್ಮರಣೆ ಬೇರೆ, ಗುಡಿಯ ಪಟ ಬೇರೆ ಅಂತ ನಾನು ಹೇಳಿದರೆ ಇಲಾಖೆಯ ಗೆಳೆಯರು ಬೇಜಾರು ಮಾಡಿಕೊಳ್ಳಬಾರದು.

(ಚರ್ಚೆಯ ಭಾಗದಿಂದ)

ಒಬ್ಬರು ಕೇಳಿದ್ದಾರೆ: ಮೂಲಕಾಡಿನ ಸಮಾಧಿಗೆ ಪ್ರತಿ ವರ್ಷ ಜನ ಹೂ ಹಾಕುತ್ತಾರಲ್ಲ, ಅದು ಕ್ಷಮೆಯೇ ಅಥವಾ ವೈಭವೀಕರಣವೇ ಅಂತ. ನೇರವಾದ ಪ್ರಶ್ನೆ. ಅಲ್ಲಿಗೆ ಬರುವವರೆಲ್ಲ ಒಂದೇ ಕಾರಣಕ್ಕೆ ಬರುವುದಿಲ್ಲ. ಸಂಬಂಧಿಕರಿದ್ದಾರೆ, ಜಾತಿಯ ಅಭಿಮಾನದವರಿದ್ದಾರೆ, ಕುತೂಹಲಕ್ಕೆ ಬರುವವರಿದ್ದಾರೆ. ಪೊಲೀಸರ ಮೇಲಿನ ಸಿಟ್ಟನ್ನು ತೋರಿಸಲು ಬೇರೆ ಜಾಗ ಇಲ್ಲದೆ ಬರುವವರೂ ಇದ್ದಾರೆ. ಸತ್ತವನನ್ನು ಕ್ಷಮಿಸುವುದು ಅವರ ಕೈಯಲ್ಲಿಲ್ಲ. ಅದು ಶಕೀಲ್ ಅಹಮದ್ ಅವರ ತಂದೆಯ ಕೈಯಲ್ಲಿತ್ತು, ಪಾಲಾರ್‌ನಲ್ಲಿ ಸತ್ತ 22 ಮನೆಗಳವರ ಕೈಯಲ್ಲಿತ್ತು. ಅವರಲ್ಲಿ ಯಾರಾದರೂ ಮನ್ನಿಸಿದ್ದರೆ ಅದು ಅವರ ಮನೆಯೊಳಗಿನ ವಿಷಯ, ನಾವು ಹೋಗಿ ಮೈಕು ಹಿಡಿಯಬಾರದು.

ಇನ್ನೊಬ್ಬರ ಪ್ರಶ್ನೆ, ಮರೆಯುವುದೂ ಕ್ಷಮಿಸುವುದೂ ಒಂದೇ ಅಲ್ಲವೇ ಅಂತ. ಈ ಸೀಮೆಯಲ್ಲಿ ಹಾಗೆ ಅನ್ನಲು ಆಗುವುದಿಲ್ಲ. ಕೊಳತ್ತೂರಿನ ಪಕ್ಕದ ಪಣ್ಣವಾಡಿಯಲ್ಲಿ, 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಬಂದಾಗ ಮುಳುಗಿದ ಗುಡಿಯ ನಂದಿ ಇದೆ. ನೀರು ಇಳಿದ ಬೇಸಿಗೆಗಳಲ್ಲಿ ಅದು ತಲೆ ಎತ್ತುತ್ತೆ. ಆಗ ಆ ಊರಿನವರು ಹೋಗಿ ನೋಡಿ ಬರುತ್ತಾರೆ, ಮುಳುಗಿದ ಮನೆಗಳ ಜಾಗ ಎಲ್ಲಿತ್ತು ಅಂತ ಮಕ್ಕಳಿಗೆ ಕೈ ತೋರಿಸಿ ಹೇಳುತ್ತಾರೆ. ಮೂರನೆಯ ತಲೆಮಾರಿಗೂ ಜಾಗ ಗೊತ್ತಿದೆ. ಇನ್ನೊಂದು ಪ್ರಶ್ನೆ ಪರದೆ ಮೇಲೆ ಕಾಣ್ತಾ ಇದೆ, ಸದಾಶಿವ ಸಮಿತಿಯ ಹೇಳಿಕೆಗಳ ಭಾಷೆಯ ಬಗ್ಗೆ. ಅದಕ್ಕೆ ಬೇರೆಯೇ ಒಂದು ಗೋಷ್ಠಿ ಬೇಕು. ಸಮಯ ಆಯಿತು ಅಂತ ಅಧ್ಯಕ್ಷರು ಸನ್ನೆ ಮಾಡ್ತಾ ಇದ್ದಾರೆ.